ಚಿಕ್ಕವ್ವನ ದಿನಾಚರಣೆಗಳೂ ಅಜ್ಜಿಯ ಬಾಯಿಯೂ

ನಮ್ಮ ಚಿಕ್ಕವ್ವನಿಗೆ ಬರಿಯ ಗುರುವಾರ ಅನ್ನುವುದೊಂದು ಇದೆ ಎಂದೇ ಗೊತ್ತಿಲ್ಲ. ನಿಮಗೂ ನನಗೂ ಗುರುವಾರ ಅಂದರೆ ಬುಧವಾರ ಮುಗಿದ ಮೇಲೆ ಬರುವ ಒಂದು ಬಡಪಾಯಿ ದಿನ. ಎದ್ದೆವು, ಹೊಲಕ್ಕೆ ಹೋದೆವು, ಉಂಡೆವು, ಮಲಗಿದೆವು. ಅವಳಿಗೆ ಹಾಗಲ್ಲ. ಅವಳ ಗುರುವಾರ ಕೈ ತೊಳೆಯುವ ದಿನವಾಗಿರುತ್ತದೆ, ಇಲ್ಲವೇ ಕಿವಿ ಕಾಪಾಡುವ ದಿನವಾಗಿರುತ್ತದೆ, ಎರಡೂ ಅಲ್ಲವೆಂದರೆ ಯಾರದೋ ಧರ್ಮದ ಯಾವುದೋ ಉಪವಾಸ. ಏನೂ ಇಲ್ಲದ ದಿನ ಬಂದರೆ ಮುಖ ಸಪ್ಪೆ ಮಾಡಿಕೊಂಡು ಮೂಲೆ ಹಿಡಿಯುತ್ತಾಳೆ. ಅಂಥ ದಿನ ಬರುವುದೇ ಅಪರೂಪ, ಅದೇ ನಮ್ಮ ಮನೆಯವರ ಕಷ್ಟ!

ಚಿಕ್ಕವ್ವ ನನ್ನ ಚಿಕ್ಕಪ್ಪನ ಹೆಂಡತಿ. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಸೀಮೆಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಊರೂರು ತಿರುಗಿ ಬಸುರಿಯರನ್ನೂ ಕೂಸುಗಳನ್ನೂ ನೋಡುವ ಕೆಲಸ. ನಾನು ಪಣಕಹಳ್ಳಿಯಲ್ಲಿ ಜೋಳ, ಕೋಸು ಬೆಳೆಯುವವನು. ಹಾಗಂತ ನಾನು ಹೇಳಿಕೊಳ್ಳುತ್ತೇನೆ ಅಷ್ಟೆ. ನನ್ನ ನಿಜವಾದ ಕಸುಬು ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಿರುಗುವುದು. ಅವಳ ಕೈಯಲ್ಲಿ ಔಷಧಿ ಚೀಲ, ನನ್ನ ಕುತ್ತಿಗೆಗೆ ಸುರುಳಿ ಸುತ್ತಿದ ಬ್ಯಾನರು. ಬ್ಯಾನರು ಈರೋಡಿನಿಂದ ತಮಿಳಿನಲ್ಲಿ ಬರುತ್ತದೆ, ಅವಳು ಅದನ್ನು ಕನ್ನಡದಲ್ಲಿ ಬಯ್ಯುತ್ತಾ ಜನರಿಗೆ ತಿಳಿಸುತ್ತಾಳೆ. ಒಮ್ಮೆ ತಾಳಮಲೆ ದಾರಿಯಲ್ಲಿ ಆನೆಯೊಂದು ರಸ್ತೆಗೆ ಅಡ್ಡ ನಿಂತಿತ್ತು. ನನ್ನ ಕೈ ತಾನಾಗಿ ಹಾರನ್ನಿನ ಮೇಲೆ ಹೋಯಿತು. ಹಿಂದಿನಿಂದ ಚಿಕ್ಕವ್ವ ನನ್ನ ಹೆಗಲು ಹಿಂಡಿ, ಇವತ್ತು ಗದ್ದಲ ತಗ್ಗಿಸುವ ದಿನ, ಹಾರನ್ ಒತ್ತಬೇಡ ಅಂದಳು. ಆನೆಗೂ ಆ ವಿಷಯ ಗೊತ್ತಿತ್ತೋ ಏನೋ, ಸದ್ದಿಲ್ಲದೆ ಕಾಡಿಗೆ ಇಳಿಯಿತು!

ಇಷ್ಟೆಲ್ಲಾ ಊರಿಗೆ ಬುದ್ಧಿ ಹೇಳುವವಳಿಗೆ ಮನೆಯಲ್ಲಿ ಒಂದು ಬಾಯಿ ಬಗ್ಗುತ್ತಿರಲಿಲ್ಲ. ಅದು ನಮ್ಮ ಅಜ್ಜಿಯ ಬಾಯಿ, ಅಂದರೆ ಅವಳ ಅತ್ತೆಯದು. ಅಜ್ಜಿಗೆ ತಾನು ಮದುವೆಯಾಗಿ ಬಂದಾಗಿನಿಂದ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಬೇಕೇ ಬೇಕು. ಹೋದ ಯುಗಾದಿ ಕಳೆದ ಮೇಲೆ ಅವಳು ಸಾರಿಗೆ ಖಾರ ಬೇಡ ಅನ್ನತೊಡಗಿದಳು. ಆಮೇಲೆ ಮುದ್ದೆಯನ್ನು ಬಲಗಡೆಗೇ ಸರಿಸಿ ನುಂಗತೊಡಗಿದಳು. ಬೇರೆಯವರಿಗೆ ಅದು ಮುಪ್ಪು, ಚಿಕ್ಕವ್ವನಿಗೆ ಮಾತ್ರ ಅನುಮಾನ ಹುಟ್ಟಿತು. ಎಡಗೆನ್ನೆಯ ಒಳಗೆ ಏನಾದರೂ ಹುಣ್ಣಾಗಿದ್ದರೆ? ಬಾಯಿ ತೋರಿಸಿ ಅತ್ತೆ ಅಂತ ಕೇಳಿದಳು. ಅಜ್ಜಿ ತುಟಿ ಬಿಗಿದಳು. ಅಂದಿನಿಂದ ವರ್ಷವೆಲ್ಲಾ ಚಿಕ್ಕವ್ವ ಆಚರಿಸಿದ ಯಾವ ದಿನವೇ ಆಗಲಿ, ಅವಳ ಒಂದು ಕಣ್ಣು ಆ ಬಾಯಿಯ ಮೇಲೇ ಇತ್ತು.

ಮೊದಲು ಬಂದದ್ದು ಹೊಗೆಸೊಪ್ಪು ಬಿಡುವ ದಿನ. ಆ ಬ್ಯಾನರನ್ನು ಚಿಕ್ಕವ್ವ ಆಸ್ಪತ್ರೆಗೆ ಕಟ್ಟಲಿಲ್ಲ, ನಮ್ಮ ಜಗಲಿಗೇ ಕಟ್ಟಿದಳು. ಕಪ್ಪಾದ ಶ್ವಾಸಕೋಶ, ಕೊಳೆತ ದವಡೆ, ನೋಡಿದರೆ ಉಂಡದ್ದು ಮೇಲೆ ಬರಬೇಕು. ಬಿರುಬಿಸಿಲಿನ ಕಾಲ. ಮಧ್ಯಾಹ್ನ ಬಂದು ನೋಡುತ್ತೇನೆ, ಅಜ್ಜಿ ಬ್ಯಾನರಿನ ನೆರಳಿಗೇ ಚಾಪೆ ಎಳೆದುಕೊಂಡು, ಕಾಲು ಚಾಚಿ ಕೂತು ಹೊಗೆಸೊಪ್ಪು ತಿಕ್ಕುತ್ತಿದ್ದಾಳೆ. ತಂಪಾಗಿದೆ, ಇದನ್ನು ಬಿಚ್ಚಬೇಡಿ, ಮಳೆಗಾಲ ಬರುವವರೆಗೆ ಇರಲಿ ಅಂತ ಸೊಸೆಗೆ ಹೇಳಿಕಳಿಸಿದಳು.

ಚಿಕ್ಕವ್ವ ಸೋಲುವವಳೇ? ಬಾಯಿಯ ಆರೋಗ್ಯದ ದಿನ ಅಂತ ಹಲ್ಲಿನ ಡಾಕ್ಟರನ್ನು ಘಟ್ಟದ ಕೆಳಗಿನಿಂದ ಕರೆಸಿ, ಶಿಬಿರವನ್ನು ನಮ್ಮ ಅಂಗಳದಲ್ಲೇ ಹೂಡಿದಳು. ಊರಿಗೆ ಊರೇ ಬಂದು ಆ ಅಂತ ಬಾಯಿ ತೆರೆಯಿತು. ಅಜ್ಜಿಯ ಸಡಗರ ನೋಡಬೇಕಿತ್ತು! ಸಾಲು ನಿಲ್ಲಿಸಿದವಳು ಅವಳೇ, ಬಂದವರಿಗೆಲ್ಲಾ ಮಜ್ಜಿಗೆ ಕೊಟ್ಟವಳು ಅವಳೇ. ನಾಚಿಕೊಂಡ ಹೆಂಗಸರನ್ನು, ಬಾಯಿ ತೆಗೆದರೆ ಏನು ಬಂಗಾರ ಉದುರುತ್ತದಾ ಅಂತ ಗದರಿಸಿದವಳೂ ಅವಳೇ. ಕೊನೆಗೆ ಅವಳ ಸರದಿ ಬಂದಾಗ ಅವಳೇ ಇರಲಿಲ್ಲ. ಹಸು ಕಟ್ಟಲು ಹಿತ್ತಿಲಿಗೆ ಹೋದವಳು, ಡಾಕ್ಟರ ಜೀಪು ಜೀರಹಳ್ಳಿ ದಾಟುವವರೆಗೂ ಹಸು ಕಟ್ಟುತ್ತಲೇ ಇದ್ದಳು.

ಕೈ ತೊಳೆಯುವ ದಿನ ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಬೀಗರಾಗಬೇಕಾದವರನ್ನು ಚಿಕ್ಕವ್ವ ಹೊಸಿಲು ದಾಟಲು ಬಿಡಲಿಲ್ಲ. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಎಲ್ಲರ ಕೈಗೂ ಸೋಪು ಕೊಟ್ಟು, ಹೆಬ್ಬೆರಳ ಬುಡ, ಉಗುರ ಸಂದು ಅಂತ ಹೇಳಿಕೊಟ್ಟು ತೊಳೆಸಿದಳು. ಗಂಡಿನ ಅಪ್ಪನ ಮೀಸೆ ಕುಣಿಯುತ್ತಿತ್ತು. ಸಂಬಂಧ ಮುರಿಯಿತು ಅಂತ ನಮ್ಮಪ್ಪ ತಲೆ ಮೇಲೆ ಕೈ ಹೊತ್ತರು. ಚಿಕ್ಕವ್ವ ಒಳಗೆ ಬಂದು ತೀರ್ಪು ಕೊಟ್ಟಳು: ಹುಡುಗ ಉಗುರ ಸಂದು ಬಿಡದೆ ತೊಳೆದಿದ್ದಾನೆ, ಕಣ್ಣು ಮುಚ್ಚಿಕೊಂಡು ಕೊಡಿ. ಕೊಟ್ಟೆವು. ತಂಗಿ ಸುಖವಾಗಿದ್ದಾಳೆ, ಆದರೆ ಆ ಮನೆಯಲ್ಲಿ ಸೋಪಿನ ಖರ್ಚು ಜಾಸ್ತಿಯಂತೆ.

ಮಕ್ಕಳ ದಿನವೂ ಸಕ್ಕರೆ ಕಾಯಿಲೆಯ ದಿನವೂ ಒಂದೇ ದಿನ ಬರುತ್ತವೆ ಅನ್ನುವುದು ನಿಮಗೆ ಗೊತ್ತೇ? ಇಸ್ಕೂಲಿನ ಮಕ್ಕಳಿಗೆ ಈಗ ಚೆನ್ನಾಗಿ ಗೊತ್ತು. ಚಾಕಲೇಟಿಗೆ ಕೈ ಚಾಚಿದವರಿಗೆಲ್ಲಾ ಅವಳು ಸೌತೆಕಾಯಿ ಹೋಳು ಹಂಚಿ ಬಂದಿದ್ದಾಳೆ!

ಇನ್ನು ಹಬ್ಬಗಳ ಸಂಗತಿ. ಆಸ್ಪತ್ರೆಯಲ್ಲಿ ಔಷಧಿ ಕೊಡುವವರು ಒಬ್ಬ ಸಾಬರು, ಎಲ್ಲರೂ ಭಾಯ್ ಅನ್ನುತ್ತೇವೆ. ಹೆರಿಗೆ ಕೋಣೆಯಲ್ಲಿ ಕೇರಳದ ಕ್ರಿಶ್ಚಿಯನ್ ಸಿಸ್ಟರ್ ಒಬ್ಬರಿದ್ದಾರೆ. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಡ್ಯೂಟಿ ಮಾಡುವುದು ಅಲ್ಲಿನ ವಾಡಿಕೆ. ಚಿಕ್ಕವ್ವ ಡ್ಯೂಟಿಯ ಜೊತೆಗೆ ಹಬ್ಬವನ್ನೂ ವಹಿಸಿಕೊಂಡುಬಿಡುತ್ತಾಳೆ. ಕ್ರಿಸ್ಮಸ್ಸಿನಲ್ಲಿ ಸಿಸ್ಟರ್ ಕೊಟ್ಟ ಕೇಕು ಮನೆಗೆ ಬಂತು. ನಮ್ಮದು ವಿಭೂತಿ ಹಚ್ಚುವ ಶಿವಭಕ್ತರ ಮನೆ, ಕೇಕಿನಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಅಂತ ದೊಡ್ಡ ಚರ್ಚೆ ಎದ್ದಿತು. ಚರ್ಚೆ ಮುಗಿಯುವ ಹೊತ್ತಿಗೆ ಅಜ್ಜಿ ಮೆತ್ತನೆಯ ಭಾಗವನ್ನೆಲ್ಲಾ ತಿಂದು ಮುಗಿಸಿದ್ದಳು.

"ಮೊಟ್ಟೆ ಇದ್ರೆ ಇರ್ಲಿ ಬುಡು," ಅಂದಳು. "ಕಣ್ಗೆ ಕಾಣ್ನಿಲ್ವಲ್ಲ."

ಬಾಯಿ ತೆರೆದಿದ್ದಳಲ್ಲಾ, ಆ ಹೊತ್ತಿನಲ್ಲಿ ಇಣುಕಬಹುದಿತ್ತು ಅಂತ ಚಿಕ್ಕವ್ವ ಎರಡು ದಿನ ಕೈ ಕೈ ಹಿಸುಕಿಕೊಂಡಳು.

ಈ ಸಲವಂತೂ ಶಿವರಾತ್ರಿ, ಕ್ರಿಶ್ಚಿಯನ್ನರ ತಪಸ್ಸಿನ ಕಾಲ, ರಂಜಾನ್ ತಿಂಗಳು ಒಂದರ ಬಾಲ ಇನ್ನೊಂದು ಹಿಡಿದು ಬಂದವು. ಚಿಕ್ಕವ್ವ ಮೂರನ್ನೂ ಹಿಡಿದಳು. ಶಿವರಾತ್ರಿಗೆ ನಿರಾಹಾರ, ಶುಕ್ರವಾರ ಸಿಸ್ಟರ್ ಜೊತೆ ಒಪ್ಪೊತ್ತು, ಉಳಿದ ದಿನ ಭಾಯ್ ಜೊತೆ ಸಂಜೆಯವರೆಗೆ ಹನಿ ನೀರಿಲ್ಲ. ಸೋಮವಾರ ನಮ್ಮದೇ ಬೇರೆ ಇದೆ! ಜೊತೆಯವರು ಹಸಿದಿರುವಾಗ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಅನ್ನುವುದು ಅವಳ ವಾದ. ಹೀಗಿರುವಾಗ ರಕ್ತಹೀನತೆಯ ಶಿಬಿರ ಬಂತು. ಸೂಜಿಗೆ ಹೆದರಬೇಡಿ ಅಂತ ಹೆಂಗಸರಿಗೆ ತೋರಿಸಲು ಮೊದಲು ತನ್ನ ಬೆರಳನ್ನೇ ಚುಚ್ಚಿಸಿಕೊಂಡಳು. ಊರಿನಲ್ಲಿ ಎಲ್ಲರಿಗಿಂತ ಕಡಿಮೆ ರಕ್ತ ಅವಳದೇ ಆಗಿತ್ತು! ಅವಳೇ ಹಂಚಲು ತಂದ ಕಬ್ಬಿಣದ ಮಾತ್ರೆಯಲ್ಲಿ ಒಂದು ಹಾಳೆ ತೆಗೆದು ಡಾಕ್ಟರು ಅವಳ ಕೈಗಿಟ್ಟರು. ಈ ಸುದ್ದಿಯನ್ನು ಮನೆಯಲ್ಲಿ ನಾನು ನಗುತ್ತಾ ಹೇಳಿದೆ. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ, ಸೊಸೆ ಯಾಕೆ ಹೀಗೆ ಉಪವಾಸ ಬೀಳುತ್ತಿದ್ದಾಳೆ ಅಂತ ನನ್ನನ್ನು ಕೇಳಿದಳು. ಅವಳಿಗೆ ಹಬ್ಬದ ಹುಚ್ಚು ಅಂತ ಹೇಳಿ ನಾನು ಹೊಲಕ್ಕೆ ಹೋದೆ.

ಯುಗಾದಿ ಬಂತು. ನಮ್ಮ ಮನೆಯಲ್ಲಿ ಬೇವು ಬೆಲ್ಲವನ್ನು ಯಾರೂ ತಮ್ಮ ಕೈಯಿಂದ ತಾವೇ ತಿನ್ನುವಂತಿಲ್ಲ, ಇನ್ನೊಬ್ಬರು ಬಾಯಿಗೆ ಹಾಕಬೇಕು. ಮನೆಯ ಹಿರಿಯಳಿಗೆ ಕಿರಿಸೊಸೆಯೇ ಹಾಕಬೇಕು, ಬೇಡ ಅನ್ನುವ ಮಾತೇ ಇಲ್ಲ. ಚಿಕ್ಕವ್ವ ತಿಂಗಳಿಂದ ಈ ಗಳಿಗೆಗೆ ಹೊಂಚು ಹಾಕಿದ್ದಳು. ಅತ್ತೆ ಬಾಯಿ ತೆರೆದ ಕೂಡಲೆ ನಾನು ಫೋಟೋ ತೆಗೆಯುವವನ ಹಾಗೆ ಬಂದು ಫೋನಿನ ಟಾರ್ಚು ಬಿಡಬೇಕು, ಬೆಳಕು ಎಡಗೆನ್ನೆಯ ಒಳಕ್ಕೇ ಬೀಳಬೇಕು, ಕೈ ಅಲುಗಾಡಬಾರದು. ಹಿಂದಿನ ದಿನ ನನ್ನ ಬಾಯಿ ತೆರೆಸಿ ಎರಡು ಸಲ ಅಭ್ಯಾಸವನ್ನೂ ಮಾಡಿಸಿದ್ದಳು. ಕಳ್ಳರು ಕೂಡ ಇಷ್ಟು ತಯಾರಿ ಮಾಡಿಕೊಳ್ಳುವುದಿಲ್ಲ!

ಎಣ್ಣೆನೀರು ಆಯಿತು, ಪೂಜೆ ಆಯಿತು. ಅಜ್ಜಿ ಹೊಸ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ ಚಾಪೆಯ ಮೇಲೆ ಕೂತಳು. ಚಿಕ್ಕವ್ವ ಬೇವು ಬೆಲ್ಲ ಹಿಡಿದು ಬಗ್ಗಿದಳು. ನಾನು ಟಾರ್ಚು ಬಿಟ್ಟೆ. ಅಜ್ಜಿ ಬಾಯಿ ತೆರೆದಳು. ಎಷ್ಟು ಬೇಕೋ ಅಷ್ಟಲ್ಲ, ಪೂರ್ತಿ ತೆರೆದು, ಕುತ್ತಿಗೆ ಎತ್ತಿ, ಎಡಗೆನ್ನೆಯನ್ನು ಬೆಳಕಿಗೆ ತಾನೇ ತಿರುಗಿಸಿದಳು.

ಚಿಕ್ಕವ್ವನ ಕೈ ಅಲ್ಲೇ ನಿಂತಿತು. ಅವಳು ಅಜ್ಜಿಯ ಕಿವಿಯೋಲೆ ನೋಡಿದಳು, ವಿಭೂತಿ ನೋಡಿದಳು, ನನ್ನ ಮುಖ ನೋಡಿದಳು. ಬಾಯಿಯೊಳಕ್ಕೆ ಮಾತ್ರ ಅವಳ ಕಣ್ಣು ಹೋಗಲಿಲ್ಲ. ನಾನು ಟಾರ್ಚು ಹಿಡಿದೇ ಇದ್ದೆ. ಅಜ್ಜಿ ಸ್ವಲ್ಪ ಹೊತ್ತು ಕಾದು ಬಾಯಿ ಮುಚ್ಚಿದಳು.

"ನೋಡಮ್ಮಿ. ವರ್ಸೆಲ್ಲಾ ತೆಗಿ ತೆಗಿ ಅಂತಿದ್ದಲ್ಲ."

"ಇರಿ ಅತ್ತೆ, ಕಣ್ಗೆ ಏನೋ ಬಿತ್ತು," ಅಂದಳು ಚಿಕ್ಕವ್ವ. ಏನೂ ಬಿದ್ದಿರಲಿಲ್ಲ. ಬೇವು ಬೆಲ್ಲ ಹಿಡಿದ ಕೈಯಿಂದಲೇ ಕಣ್ಣುಜ್ಜಲು ಹೋದಳು.

ಅಜ್ಜಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ ಬಾಯೊಳ್ಗೆ ಏನದೆ ಅಂತ ನನ್ ನಾಲ್ಗೆಗೆ ಗೊತ್ತಿಲ್ವಾ? ನೀ ನೋಡ್ಬುಟ್ರೆ ತಡ್ಕಳಲ್ಲ ಅಂತ ಮುಚ್ಕಂಡಿದ್ದೆ ಕಣಮ್ಮಿ. ಈಗ ನೋಡುದ್ರೆ, ಇದ್ಕೋಸ್ಕರ ಇರೋ ಬರೋ ದೇವ್ರಿಗೆಲ್ಲಾ ಒಟ್ಟೆ ಒಣಗಿಸ್ಕಂಡು ಕುಂತಿದ್ದೀಯೆ. ಸಾಕು, ನೋಡು."

ಉಪವಾಸಗಳೆಲ್ಲಾ ಒಂದೇ ಹರಕೆ ಅನ್ನುವುದು ಪ್ರತಿದಿನ ಅವಳನ್ನು ಬೈಕಿನಲ್ಲಿ ಹೊತ್ತು ತಿರುಗಿದ ನನಗೆ ಹೊಳೆದಿರಲಿಲ್ಲ. ಮನೆ ಬಿಟ್ಟು ಕದಲದ ಅಜ್ಜಿಗೆ ಹೊಳೆದಿತ್ತು. ಚಿಕ್ಕವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನ್ನ ಕೈಯಿಂದ ಫೋನು ಕಿತ್ತುಕೊಂಡು, ಬೇರೆ ರೋಗಿಗಳನ್ನು ನೋಡುವ ಹಾಗೆ ನಿಧಾನವಾಗಿ, ಕೆನ್ನೆ ಎಳೆದು ನೋಡಿದಳು. ಆಮೇಲೆ ಬೇವು ಬೆಲ್ಲ ಹಾಕಿ, ನಾಳೆ ಬೆಳಿಗ್ಗೆಯೇ ದೊಡ್ಡಾಸ್ಪತ್ರೆಗೆ ಘಟ್ಟ ಇಳಿಯಬೇಕು ಅಂದಳು. ಮಾರನೆಯ ದಿನ ರಂಜಾನ್ ಹಬ್ಬ, ಭಾಯ್ ಬದಲು ಡ್ಯೂಟಿ ಅವಳದು. ನಾನು ಭಾಯ್‌ಗೆ ಫೋನು ಮಾಡಿದೆ. ನಮಾಜು ಮುಗಿಸಿ ಅವರೇ ಆಸ್ಪತ್ರೆಗೆ ಹೋಗಿ ಕೂತರು.

ದೊಡ್ಡಾಸ್ಪತ್ರೆಯಲ್ಲಿ ಕೆನ್ನೆಯ ಒಳಗಿನದನ್ನು ಕೊಯ್ದು ತೆಗೆದಿದ್ದಾರೆ. ಪೂರ್ತಿ ಹೋಯಿತೇ ಅಂತ ಕೇಳಿದರೆ, ನೋಡೋಣ ಅನ್ನುತ್ತಾರೆ ಡಾಕ್ಟರು. ಚಿಕ್ಕವ್ವ ರಜೆ ಹಾಕಿ ಮನೆಯಲ್ಲಿದ್ದಾಳೆ. ಅಜ್ಜಿಗೆ ಈಗ ರಾಗಿ ಅಂಬಲಿಯೊಂದೇ ಊಟ, ಅದನ್ನೂ ಚಮಚದಲ್ಲಿ ಕುಡಿಸಬೇಕು. ಅಜ್ಜಿ ನೋವಿನಲ್ಲಿ ಒಂದಿಷ್ಟೇ ಬಾಯಿ ತೆರೆಯುತ್ತಾಳೆ. ಅವಳು ತೆರೆದಾಗಲೆಲ್ಲಾ ಚಮಚ ಹಿಡಿದ ಚಿಕ್ಕವ್ವನ ಬಾಯಿಯೂ, ಕೂಸಿಗೆ ಉಣಿಸುವ ತಾಯಿಯ ಹಾಗೆ, ತಾನಾಗಿ ತೆರೆದುಕೊಳ್ಳುತ್ತದೆ. ಅದು ಚಿಕ್ಕವ್ವನಿಗೆ ಗೊತ್ತಿಲ್ಲ. ನಾನು ಹೇಳಿ ನಗಿಸೋಣ ಅಂತ ಹೊರಟಿದ್ದೆ. ಅಜ್ಜಿ ನನ್ನ ಕಡೆ ನೋಡಿ, ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡಿದಳು.