ವಿಶಲ್ ಊದಿ ಕಾಫಿ ಇಳಿಸುವ ನಮ್ಮ ಮಾವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮಾವನ ಎರಡನೇ ಕಾಫಿ ಮಿಷಿನ್ನನ್ನು ಕೊಂದವನು ನಾನೇ. ಆಯುಧ, ಎರಡು ಅಚ್ಚು ಬೆಲ್ಲ.

ಕೊಲ್ಲುವ ಉದ್ದೇಶ ಇರಲಿಲ್ಲ ಎಂದು ಎಲ್ಲ ಕೊಲೆಗಾರರೂ ಹೇಳುತ್ತಾರೆ. ನನ್ನ ವಿಷಯದಲ್ಲಿ ಅದು ನಿಜ! ಗುಂಡ್ಲುಪೇಟೆಯ ನಮ್ಮ ಸೋದರಮಾವ ಅಂದು ಹರವೆ ಊರಿನ ಕಡೆ ಕಬಡ್ಡಿ ಪಂದ್ಯಕ್ಕೆ ತೀರ್ಪುಗಾರರಾಗಿ ಹೋಗಿದ್ದರು. ಮನೆಯಲ್ಲಿದ್ದದ್ದು ನಾನು ಮತ್ತು ಅತ್ತೆ. ಅತ್ತೆ ಕುಡಿಯುವುದು ಬೆಲ್ಲದ ಕಾಫಿ ಮಾತ್ರ. ಮಾವನ ಮಿಷಿನ್ನಿನಲ್ಲಿ ಇಳಿದ ಕಾಫಿಯನ್ನು ನಾಲಿಗೆಗೆ ತಾಗಿಸುವುದಿಲ್ಲ ಎಂದು ಅವರು ಶಪಥ ಮಾಡಿ ಆಗಲೇ ಬಹಳ ಕಾಲವಾಗಿತ್ತು. ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಮಿಷಿನ್ನೇ ಬೆಲ್ಲದ ಕಾಫಿ ಕೊಟ್ಟರೆ ಶಪಥ ಮುರಿಯದೆ ಇರುತ್ತದೆಯೇ? ಬೆಲ್ಲ ಕುಟ್ಟಿದೆ. ಮಿಷಿನ್ನಿನ ಬೆನ್ನಿಗಿರುವ ನೀರಿನ ಟ್ಯಾಂಕಿಗೆ ಸುರಿದೆ. ಚಮಚ ಹಾಕಿ ಕಲಕಿದೆ. ದೇವರ ಹೆಸರು ಹೇಳಿ ಗುಂಡಿ ಒತ್ತಿದೆ.

ಮೊದಲು ಗುರ್ ಎಂದಿತು. ಆಮೇಲೆ ಅಡುಗೆಮನೆಯ ತುಂಬ ಆಲೆಮನೆಯ ವಾಸನೆ. ಕೊನೆಗೆ ಮಿಷಿನ್ನಿನ ಮೂತಿಯಿಂದ ಕಪ್ಪು ಪಾಕದ ಒಂದೇ ಒಂದು ಎಳೆ ಇಳಿದು, ಲೋಟ ಮುಟ್ಟುವ ಮೊದಲೇ ಗಟ್ಟಿಯಾಗಿ ಗಾಳಿಯಲ್ಲೇ ನಿಂತುಬಿಟ್ಟಿತು. ಅತ್ತೆ ಬಗ್ಗಿ ನೋಡಿದರು.

"ಕಡ್ಲೆಬೀಜ ಹಾಕ್ಬುಡು ಕಣಪ್ಪ, ಚಿಕ್ಕಿ ಆಯ್ತದ."

ಸಂಜೆ ಮಾವ ಬಂದರು. ಮೈದಾನದಲ್ಲಿ ತಲೆ ಸುತ್ತಿ ಬಿದ್ದ ಹುಡುಗನನ್ನು ನೋಡುವಂತೆ ಮಿಷಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ.

"ಏನ್ ಹಾಕ್ದೆ?"

"ಬೆಲ್ಲ, ಮಾವ."

"ಎಲ್ಲಿಗೆ?"

"ಟ್ಯಾಂಕಿಗೆ."

ಮಾವ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದರು. ಆಮೇಲೆ ನನ್ನ ಭುಜ ತಟ್ಟಿದರು. "ಯೋಚ್ನೆ ಚೆನ್ನಾಗದ ಕಣ್ಲಾ ಅಳಿಯ. ಬುದ್ಧಿ ಒಂದು ಇಲ್ಲ, ಅಷ್ಟೇಯ." ಅವರ ಕಣ್ಣಲ್ಲಿ ಹೊಳೆಯುತ್ತಿದ್ದದ್ದು ನೀರೋ, ಮೂರನೇ ಮಿಷಿನ್ ತರಿಸಲು ಕಾರಣ ಸಿಕ್ಕಿದ ಸಂತೋಷವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಮಾವ ನಿವೃತ್ತ ಪಿ.ಟಿ. ಮೇಷ್ಟ್ರು. ನಾನು ಚಾಮರಾಜನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಮೊಬೈಲಿನಂಥ ಮೊಬೈಲನ್ನೇ ಬಿಚ್ಚುವವನಿಗೆ ಕಾಫಿ ಮಿಷಿನ್ ಯಾವ ಲೆಕ್ಕ ಎಂದು ಮಾವನಿಗೆ ನನ್ನ ಮೇಲೆ ಭಯಂಕರ ನಂಬಿಕೆ. ಬಿಚ್ಚುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ನಿಜ. ಜೋಡಿಸುವ ಸಂಗತಿ ಇಲ್ಲಿ ಬೇಡ. ಅಂತೂ ಮಿಷಿನ್ ಕೆಮ್ಮಿದರೂ ಸೀನಿದರೂ ನನಗೆ ಫೋನು. ನಾನು ಅಂಗಡಿಯ ಶಟರ್ ಅರ್ಧ ಎಳೆದು, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತುತ್ತಿದ್ದೆ.

ಇಷ್ಟಕ್ಕೂ ಆ ಮನೆಯಲ್ಲಿ ಯುದ್ಧ ಶುರುವಾದದ್ದು ಒಂದೇ ಒಂದು ವಾಕ್ಯದಿಂದ. ಮಾವ ನಿವೃತ್ತರಾದ ಹೊಸದರಲ್ಲಿ, ಊಟಿ ರಸ್ತೆಯ ರೆಸಾರ್ಟೊಂದರಲ್ಲಿ ಮ್ಯಾನೇಜರ್ ಆಗಿರುವ ಅವರ ಹಳೇ ಶಿಷ್ಯ ಅವರನ್ನು ಕರೆದೊಯ್ದು ಎಸ್ಪ್ರೆಸೊ ಎಂಬ ಪದಾರ್ಥ ಕುಡಿಸಿದ. ಗುಟುಕೆಂದರೆ ಎರಡು ಗುಟುಕು. ಮಾವ ಮನೆಗೆ ಬಂದವರೇ, ಕಾಫಿ ಲೋಟ ಹಿಡಿದು ಎದುರಿಗೆ ನಿಂತಿದ್ದ ಅತ್ತೆಗೆ ಹೇಳಿದರು: "ಇಷ್ಟು ವರ್ಷ ನಾವು ಕುಡುದ್ದು ಕಾಫೀನೇ ಅಲ್ಲ ಕಣಮ್ಮಿ."

ಯೋಚಿಸಿ! ಮದುವೆಯಾದ ಮಾರನೇ ದಿನದಿಂದ ಅವರಿಗೆ ಕಾಫಿ ಮಾಡಿಕೊಟ್ಟ ಹೆಂಗಸಿನ ಮುಂದೆ ಯಾವ ಗಂಡಸಾದರೂ ಆಡುವ ಮಾತೇ ಅದು? ಅತ್ತೆ ಕೂಗಾಡಲಿಲ್ಲ. ಆ ಲೋಟವನ್ನು ತಾವೇ ಕುಡಿದು ಮುಗಿಸಿ, "ಆಯ್ತು ಬುಡಿ. ನಿಮ್ದು ನೀವು ಮಾಡ್ಕಳಿ. ನಂದು ನಾನು ಕುಡೀತೀನಿ. ನಿಮ್ ಕಾಫಿ ನನ್ ಬಾಯಿಗೆ ಬ್ಯಾಡ" ಎಂದು ಒಳಗೆ ಹೋದರು.

ಮಾತು ಬಾಯಿಂದ ಜಾರಿದ ಗಳಿಗೆಯಲ್ಲೇ ಮಾವನಿಗೆ ತಪ್ಪು ಗೊತ್ತಾಗಿತ್ತು. ಆದರೆ ಪಿ.ಟಿ. ಮೇಷ್ಟ್ರುಗಳಿಗೆ ತಪ್ಪಾಯ್ತು ಎನ್ನುವ ಪದವನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲವಂತೆ. ಆದ್ದರಿಂದ ಅವರು ಬೇರೆ ದಾರಿ ಹಿಡಿದರು. ಅತ್ತೆಯೇ ಕುಡಿದು, ಅತ್ತೆಯೇ ಬಾಯಿಬಿಟ್ಟು "ಚೆನ್ನಾಗದ" ಎನ್ನುವಂಥ ಕಾಫಿ ಇಳಿಸುವುದು! ಅದೊಂದು ಮಾತಿಗಾಗಿ ಮೊದಲ ಮಿಷಿನ್ ಬಂತು. ಅದರ ಕಾಫಿ ಬಸ್ಸಿನ ಡೀಸೆಲ್ಲಿಗೆ ಹತ್ತಿರದ ಸಂಬಂಧಿ. ಎರಡನೆಯದು ಬಂತು, ಅದರ ಅಂತ್ಯಕ್ರಿಯೆಯನ್ನು ಆಗಲೇ ವರ್ಣಿಸಿದ್ದೇನೆ. ಮೂರನೆಯದು ಬರುವಾಗ ಗೂಡ್ಸ್ ಆಟೋದಲ್ಲಿ ಬಂತು. ಇಳಿಸಲು ನಾಲ್ಕು ಜನ ಬೇಕಾಯಿತು.

"ಇದ್ರಲ್ಲಿ ಪ್ರೆಶರ್ ಪ್ರೊಫೈಲಿಂಗ್ ಅದ ಕಣ್ಲಾ" ಎಂದರು ಮಾವ, ಮಗ ಐ.ಎ.ಎಸ್. ಪಾಸಾದ ಎನ್ನುವ ದನಿಯಲ್ಲಿ.

"ಹಂಗಂದ್ರೆ?"

"ಸಾವಿರದೈನೂರು ಮೀಟ್ರು ಓಟ ಅಂದ್ಕೊ. ಶುರುವಲ್ಲೇ ಎದ್ನೋ ಬಿದ್ನೋ ಅಂತ ನುಗ್ದಂವ ಮೂರನೇ ರೌಂಡಿಗೆ ಒಟ್ಟೆ ಇಡ್ಕಂಡು ಕೂತ್ಕತಾನೆ. ನಮ್ ಹಳೇ ಮಿಷಿನ್ ಅಂತಾದ್ದೇ, ಶುರುವಿಂದ ಕೊನೇ ತಂಕ ಒಂದೇ ಒತ್ತಡ. ಇದ್ರಲ್ಲಿ ಒತ್ತಡ ನಮ್ ಕೈಲದ. ಮೊದ್ಲು ಎರಡು ಬಾರ್ ಒತ್ತಡ, ಪುಡಿ ನಿಧಾನಕ್ಕೆ ನೆನೀಲಿ. ಆಮೇಲೆ ಒಂಬತ್ತು, ನುಗ್ಗು! ಕೊನೇಲಿ ಆರಕ್ಕೆ ಇಳಿಸ್ಬುಡು. ಇಲ್ದಿದ್ರೆ ಕಹಿ ಬುಟ್ಕತದ."

ನನಗೆ ಅರ್ಥವಾಯಿತು. ನಾನು ಶಾಲೆಯಲ್ಲಿ ಓಡಿದ ಎಲ್ಲ ಓಟಗಳಲ್ಲೂ ಕಹಿ ಬಿಟ್ಟುಕೊಂಡವನೇ ಅಲ್ಲವೇ!

ಹೊಸ ಮಿಷಿನ್ನಿಗೆ ಪೂಜೆ ಆಗಲೇಬೇಕು. ವಿಭೂತಿ ಬಳಿದು, ಹೂ ಮುಡಿಸಿ, ಕಾಯಿ ಒಡೆದು, ಹೊಸ ಗಾಡಿಯ ಚಕ್ರಕ್ಕೆ ಇಡುವಂತೆ ಕಾಲ ಬುಡದಲ್ಲಿ ಒಂದು ನಿಂಬೆಹಣ್ಣನ್ನೂ ಇಟ್ಟೆವು. ಮಿಷಿನ್ನಿಗೆ ಮುಂದಕ್ಕೆ ಚಲಿಸುವ ಅಭ್ಯಾಸವಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಎತ್ತಿ ಸರಿಸುವಾಗ ನಾನೇ ಅದನ್ನು ಹಣ್ಣಿನ ಮೇಲೆ ಕೂರಿಸಿಬಿಟ್ಟೆ. ಅಲ್ಲಿಂದ ಕಾಫಿ ಒಂದೇ ಕಡೆಗೆ ವಾಲಿಕೊಂಡು ಇಳಿಯತೊಡಗಿತು. ಮಾವ ಪುಡಿ ಬದಲಾಯಿಸಿದರು, ಒತ್ತಡ ಬದಲಾಯಿಸಿದರು, ಗಾರೆಯವರ ಮಟ್ಟಗೋಲು ತರಿಸಿ ಕಟ್ಟೆ ಅಳೆದರು. ಕೊನೆಗೆ ಕಟ್ಟೆ ಒಡೆಸಿ ಹೊಸದಾಗಿ ಕಟ್ಟಿಸುವ ತೀರ್ಮಾನಕ್ಕೆ ಬಂದರು. ಮೇಸ್ತ್ರಿ ಹಾರೆ ಹಿಡಿದು ಬಾಗಿಲಿಗೆ ಬಂದಾಗ, ಕಟ್ಟೆ ಒರೆಸುತ್ತಿದ್ದ ಅತ್ತೆ ಮಿಷಿನ್ನಿನ ಕೆಳಗೆ ಕೈ ಹಾಕಿ ಅಪ್ಪಚ್ಚಿಯಾದ ನಿಂಬೆಹಣ್ಣನ್ನು ಈಚೆಗೆಳೆದರು.

"ಉಪ್ಪಿನಕಾಯಿಗೂ ಬರಕ್ಕಿಲ್ಲ" ಎಂದು ಅದನ್ನು ನನ್ನ ಕೈಗೆ ಕೊಟ್ಟು ಹೋದರು.

ವಿಶಲ್ ಕಥೆ ಹೇಳದಿದ್ದರೆ ಮಾವನಿಗೆ ಅನ್ಯಾಯವಾಗುತ್ತದೆ. ಒಂದು ಕೈ ಒತ್ತಡದ ಹಿಡಿಯ ಮೇಲೆ, ಇನ್ನೊಂದು ಕೈಯಲ್ಲಿ ಸ್ಟಾಪ್‌ವಾಚು, ಕಣ್ಣು ಒತ್ತಡ ತೋರಿಸುವ ಮುಳ್ಳಿನ ಮೇಲೆ, ಕೊರಳಲ್ಲಿ ತೂಗುವ ಹಳೇ ಪಿ.ಟಿ. ವಿಶಲ್ ಬಾಯಲ್ಲಿ. ಹೀಗಿರುವಾಗ ಪುಡಿ ನೆನೆದದ್ದಕ್ಕೆ ಒಂದು ವಿಶಲ್, ಒಂಬತ್ತು ಮುಟ್ಟಿದ್ದಕ್ಕೆ ಒಂದು, ಮುಗಿದದ್ದಕ್ಕೆ ಉದ್ದನೆಯದೊಂದು! ಪಕ್ಕದ ಮನೆಯಾಕೆ ತಮ್ಮ ಕುಕ್ಕರೇ ಕೂಗಿತೆಂದು ಎಣಿಸಿ ಒಲೆ ಆರಿಸಿಬಿಡುತ್ತಿದ್ದರು. ಆ ಮನೆಯವರು ಒಂದು ವಾರ ಬೇಯದ ಬೇಳೆಯ ಸಾರು ಉಂಡು, ಕೊನೆಗೆ ಕುಕ್ಕರನ್ನೇ ರಿಪೇರಿಗೆ ಕೊಟ್ಟರು.

ಬಂದವರಿಗೆ ಕಾಫಿ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ, ಅಲ್ಲೂ ಮಾವ ಬಿಡಲಿಲ್ಲ. ಉಮ್ಮತ್ತೂರಿನ ನೆಂಟರು ಗೃಹಪ್ರವೇಶಕ್ಕೆ ಕರೆಯಲು ಬಂದು, ಕುಂಕುಮ ಕೊಟ್ಟು, "ಬಸ್ಸದ, ಓಗ್ತೀವಿ" ಎಂದರು. "ಕಾಫಿ ಕುಡ್ಕಂಡು ಓಗಿ" ಎಂದರು ಮಾವ. ಬೀಜ ತೂಗಿದರು, ಬೀಸಿದರು, ಪುಡಿಯನ್ನು ಮಿಷಿನ್ನಿನ ಬಟ್ಟಲಿಗೆ ತುಂಬಿ ಒತ್ತಿದರು. ಮೊದಲನೆಯದು ಸರಿಬರಲಿಲ್ಲ, ಚೆಲ್ಲಿದರು. ಎರಡನೆಯದಕ್ಕೆ ಕರೆಂಟು ಹೋಯಿತು. ಅಷ್ಟರಲ್ಲಿ ಬಸ್ಸೂ ಹೋಯಿತು. ಕಡೆಗೂ ಕಾಫಿ ಇಳಿದು, ಬೊಂಬೆಯಾಟಕ್ಕೆ ಇಡುವಷ್ಟು ಪುಟ್ಟ ಲೋಟ ನೆಂಟರಲ್ಲಿದ್ದ ಅಜ್ಜನೊಬ್ಬರ ಕೈ ಸೇರಿತು. ಅಜ್ಜ ಅದನ್ನು ಅಂಗೈಗೆ ಸುರಿದುಕೊಂಡು, ಸೊರ್ ಎಂದು ಹೀರಿ, ಉಳಿದ ತೇವವನ್ನು ತಲೆಗೆ ಒರೆಸಿಕೊಂಡರು.

"ತೀರ್ಥ ಆಯ್ತು. ಪ್ರಸಾದ ಎಲ್ಲಪ್ಪ?"

ನೆಂಟರೆಲ್ಲ ಅಂದು ಅಲ್ಲೇ ಉಂಡು, ಅಲ್ಲೇ ಮಲಗಿ, ಬೆಳಗ್ಗೆ ಅತ್ತೆಯ ಬೆಲ್ಲದ ಕಾಫಿ ಕುಡಿದು ಊರಿಗೆ ಹೋದರು.

ನಗಬೇಡಿ. ಇಷ್ಟೆಲ್ಲ ಗೇಲಿ ಮಾಡುವ ನಾನೇ ಹೇಳುತ್ತೇನೆ: ಮಾವನ ಕೈಯಲ್ಲಿ ಕಾಫಿ ಪಳಗಿತು. ರುಚಿ ನೋಡಲು ನನ್ನನ್ನು ಕೂರಿಸಿ ಕಪ್ಪಿನ ಮೇಲೆ ಕಪ್ಪು ಕುಡಿಸಿದ್ದರಿಂದ, ಮರುದಿನ ಅಂಗಡಿಯಲ್ಲಿ ನನ್ನ ಕೈ ಎಷ್ಟು ನಡುಗಿತೆಂದರೆ, ನಾನು ಹಿಡಿದ ಫೋನು ವೈಬ್ರೇಟ್ ಆಗುತ್ತಿದೆಯೆಂದು ಗಿರಾಕಿ ಕಿತ್ತುಕೊಂಡು ಹಲೋ ಅಂದ! ಆದರೂ ಆ ಕಾಫಿ... ನಾಲಿಗೆಯ ತುದಿಯಲ್ಲಿ ಕಿತ್ತಳೆ ಸಿಪ್ಪೆಯ ಹುಳಿ, ನಡುವೆ ಹುರಿದ ಹುಚ್ಚೆಳ್ಳಿನ ಘಮ, ನುಂಗಿದ ಮೇಲೆ ಎಲ್ಲೋ ದೂರದಲ್ಲಿ ಸಿಹಿ. ಸಕ್ಕರೆ ಹಾಕದೆ ಸಿಹಿ ತರುವುದೆಂದರೆ ಹುಡುಗಾಟವೇ? ಅರವತ್ತು ದಾಟಿದ ಮನುಷ್ಯ, ಇಂಗ್ಲಿಷಿನ ವೀಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ನೀರು ಸೋಸಿ, ತಪ್ಪಿ, ಚೆಲ್ಲಿ, ಮತ್ತೆ ನಿಂತು ಕಲಿತದ್ದು ಅದು. ನಾನಾಗಿದ್ದರೆ ಮೊದಲ ಡೀಸೆಲ್ಲಿಗೇ ಕೈ ಮುಗಿಯುತ್ತಿದ್ದೆ.

ಅಷ್ಟಾದರೂ ಅತ್ತೆ? ದಿನಾ ಬೆಳಗ್ಗೆ ಮಾವನ ಮೊದಲ ಕಾಫಿ ಅತ್ತೆಗೇ. "ಇಲ್ನೋಡು, ಇವತ್ತು ಬೇರೆ ತರ ಮಾಡಿವ್ನಿ." ಅತ್ತೆ ರೊಟ್ಟಿ ತಟ್ಟುತ್ತ, ತಿರುಗಿಯೂ ನೋಡದೆ, "ಅಲ್ಲಿಡಿ." ಮಾವ ಸ್ನಾನ ಮುಗಿಸಿ ಬಂದು, ಖಾಲಿ ಕಪ್ಪು ನೋಡಿ ಆಸೆಯಿಂದ, "ಹೆಂಗಿತ್ತು?" ಅತ್ತೆ, "ಸಿಂಕಿಗೆ ಸುರ್ದೆ." ಮಾವ ಸಿಂಕನ್ನೊಮ್ಮೆ ಅಸೂಯೆಯಿಂದ ನೋಡಿ, ನಾಳೆಗೆ ಒತ್ತಡ ಎಷ್ಟು ಇಳಿಸಬೇಕೆಂದು ಯೋಚಿಸುತ್ತ ಶರ್ಟು ಹಾಕಿಕೊಳ್ಳುತ್ತಿದ್ದರು.

ಹೋದ ತಿಂಗಳು ಆ ರೆಸಾರ್ಟಿನ ಶಿಷ್ಯ ಮನೆಗೆ ಬಂದ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದು, ಪ್ರಸಾದ ಕೊಡಲು ಬಂದವನು. ನಾನೂ ಅಲ್ಲಿದ್ದೆ. ಮಾವ ಕಾಫಿ ಇಳಿಸಿಕೊಟ್ಟರು. ಅವನು ಒಂದು ಗುಟುಕು ಕುಡಿದು, ಕೂತಲ್ಲಿಂದ ಎದ್ದು ನಿಂತ.

"ಸಾರ್, ನಿಜ ಏಳ್ತೀನಿ. ನಮ್ ರೆಸಾರ್ಟಲ್ಲೂ ಇಂಗೆ ಬರಲ್ಲ ಸಾರ್. ಎಲ್ ಕಲ್ತ್ರಿ?"

ಮಾವನಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. ಅವರು ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದರು. ಒಳಗೆ ಅತ್ತೆ ತಮ್ಮ ಲೋಟದ ಬೆಲ್ಲದ ಕಾಫಿಯನ್ನು ಊದಿ ಊದಿ ಕುಡಿಯುತ್ತಿದ್ದರು.

ಶಿಷ್ಯನನ್ನು ಬೀಳ್ಕೊಟ್ಟು ಬಂದ ಮಾವ ಮಿಷಿನ್ನಿನ ಸ್ವಿಚ್ಚು ಆರಿಸಿ, ಅದರ ಮೇಲೆ ಟವೆಲ್ ಹೊದಿಸಿದರು. ಕೊರಳಿನ ವಿಶಲ್ ತೆಗೆದು ಮೊಳೆಗೆ ನೇತುಹಾಕಿದರು.

"ಲೋ ಅಳಿಯ, ಫೋಟೋ ತಗಂಡು ಆನ್‌ಲೈನಲ್ಲಿ ಹಾಕ್ಬುಡ್ಲಾ. ಯಾರಾದ್ರೂ ತಗತಾರೆ."

"ಯಾಕ್ ಮಾವ? ಈಗಷ್ಟೇ ಅವ್ನು..."

"ಅವ್ನು ಒಪ್ಕಂಡ್ರೆ ಏನ್ಲಾ ಬಂತು?" ಮಾವನ ದನಿ ಸಣ್ಣದಾಗಿತ್ತು. "ಒಂದು ಮಾತು ಆಡ್ಬುಟ್ಟೆ. ವಾಪಸ್ ತಗಳಕ್ಕೆ ಇಷ್ಟು ದಿನ ಒದ್ದಾಡ್ದೆ. ಆಗ್ನಿಲ್ಲ. ಸಾಕು ಬುಡು."

ಟವೆಲ್ ಸರಿಸಿ ಎರಡು ಫೋಟೋ ತೆಗೆದೆ. ಎರಡರಲ್ಲೂ ನನ್ನ ಹೆಬ್ಬೆರಳೇ ದೊಡ್ಡದಾಗಿ ಬಂತು. ಮಾವ ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕಡೆ ನಡೆದರು. ಗೆದ್ದವರಿಗೆ ಸುದ್ದಿ ಮುಟ್ಟಿಸಬೇಕಲ್ಲ, ನಾನು ಹಿತ್ತಲಿಗೆ ಹೋಗಿ, ಬಟ್ಟೆ ಒಣಹಾಕುತ್ತಿದ್ದ ಅತ್ತೆಗೆ ಹೇಳಿದೆ.

"ಅತ್ತೆ, ನೀವೇ ಗೆದ್ರಿ. ಮಾವ ಮಿಷಿನ್ ಮಾರ್ತಾವ್ರೆ."

ಅತ್ತೆಯ ಕೈಯಲ್ಲಿದ್ದ ಪಂಚೆ ಹಗ್ಗದ ಮೇಲೇ ನಿಂತಿತು.

"ಯಾರೇಳುದ್ದು?"

"ಅವ್ರೇ. ನೀವು ಒಂದ್ ದಿನಾನೂ ಕುಡೀನಿಲ್ವಲ್ಲ, ಅದ್ಕೆ."

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಕೈಲಿದ್ದ ಫೋನು ಇಸಿದುಕೊಂಡು, ಆ ಹೆಬ್ಬೆರಳಿನ ಫೋಟೋಗಳನ್ನು ನೋಡಿದರು. ಆಮೇಲೆ ಹೇಳಿದರು:

"ಇದ ಅಳ್ಸಾಕ್ಬುಡು ಮಗ. ಒಂದು ತೊಟ್ಟೂ ಸುರ್ದಿಲ್ಲ ಕಣಪ್ಪ ನಾನು. ಅವ್ರು ನೀರುಯ್ಕಳಕ್ಕೆ ಓಗದನ್ನೇ ಕಾಯ್ಕಂಡಿದ್ದು ಕುಡೀತೀನಿ. ಚೆನ್ನಾಗದ ಅಂದ್ಬುಟ್ರೆ ಏನಾಯ್ತದ ಏಳು? ಗೆದ್ದೆ ಅನ್ಕಂಡು ಓಗಿ ಟಿ.ವಿ. ಮುಂದೆ ಕೂತ್ಕತಾರೆ. ನಾನು ಈ ಮನೆಗೆ ಬಂದಾಗಿಂದ ಆ ಮನ್ಸ ಒಲೆ ತಾವ್ಕೆ ಒಂದಿನ ಬಂದೋರಲ್ಲ. ಈಗ ಬೆಳಗ್ಗೆ ಎದ್ದೇಟ್ಗೆ ನನ್ ಪಕ್ಕದಲ್ಲೇ ಬಂದು ನಿಂತ್ಕಂಡು, ಎಂಗದೆ, ಎಂಗದೆ ಅಂತ ನನ್ ಮೊಕ ನೋಡ್ತರೆ. ಅದ ನಾನೇ ಕಳ್ಕಳ್ನಾ? ಓಡು, ಇನ್ನೂ ಬೀದಿ ಕೊನೇಲೇ ಇರ್ತರೆ. ಅತ್ತೆ ಇವತ್ತು ಒಂದು ಗುಟುಕು ಕುಡುದ್ಲಂತೆ, ಇನ್ನೊಂಚೂರು ಕಹಿ ಕಮ್ಮಿ ಆಗ್ಬೇಕಂತೆ ಅಂತ ಏಳು."