ಜೀಪಿನ ಚಿಕ್ಕಪ್ಪನ ಹಳದಿ ಸಾಲುಗಳು

ಕಡಬದ ಸ್ಟ್ಯಾಂಡಿನಲ್ಲಿ ಎಲ್ಲ ಜೀಪುಗಳೂ ಜನ ತುಂಬಿದ ಮೇಲೆ ಹೊರಡುತ್ತವೆ. ನನ್ನ ಚಿಕ್ಕಪ್ಪನ ಜೀಪು ಮಾತ್ರ ಅಧ್ಯಾಯ ಮುಗಿದ ಮೇಲೆ ಹೊರಡುತ್ತದೆ. ಒಳಗೆ ಕಾಲಿಡಲು ಜಾಗವಿಲ್ಲದಿರಲಿ, ಹಿಂದೆ ಇಬ್ಬರು ನೇತಾಡುತ್ತಿರಲಿ, ಅವರು ಸ್ಟಿಯರಿಂಗಿಗೆ ಮೊಬೈಲು ಒರಗಿಸಿಕೊಂಡು ಓದುತ್ತಿದ್ದರೆ ಕೀಲಿ ತಿರುಗುವುದಿಲ್ಲ. "ಇನ್ನು ಎಷ್ಟು ಪುಟ ಉಂಟು ಮಾರಾಯ್ರೆ?" ಎಂದು ಹಿಂದಿನ ಸೀಟಿನಿಂದ ಯಾರಾದರೂ ಕೇಳಿದರೆ, "ನಾಲ್ಕು. ಈ ಹೆಂಗಸಿಗೆ ಒಂದು ದಾರಿ ಆಗ್ಲಿ, ಹೋಗುವ" ಎನ್ನುತ್ತಾರೆ. ಆ ಹೆಂಗಸು ಕಾದಂಬರಿಯವಳು. ಮಡಿಲಲ್ಲಿ ಅಕ್ಕಿ ಚೀಲ ಇಟ್ಟುಕೊಂಡು ಕೂತ ನಿಜವಾದ ಹೆಂಗಸರಿಗೆ ದಾರಿ ಆಗುವುದು ಯಾವಾಗ? ಅದನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟ ಮನುಷ್ಯ. "ಶಾಲೆ ಬಿಟ್ಟದ್ದು, ಓದು ಬಿಡ್ಲಿಲ್ಲ" ಎಂಬುದು ಅವರ ವಾದ. ಓದಿದ್ದರಲ್ಲಿ ಮನಸ್ಸಿಗೆ ತಾಗಿದ ಸಾಲಿಗೆ ಗೆರೆ ಎಳೆಯದಿದ್ದರೆ ಅವರಿಗೆ ಉಂಡ ಅನ್ನ ಕರಗುವುದಿಲ್ಲ. ಮೊದಲು ಪಂಚಾಯತು ಲೈಬ್ರರಿಯ ಪುಸ್ತಕಗಳಲ್ಲಿ ಪೆನ್ಸಿಲಿನಿಂದ ಎಳೆಯುತ್ತಿದ್ದರು. ಕೊನೆಕೊನೆಗೆ ಲೈಬ್ರರಿಯವರು, ಪುಸ್ತಕ ಮರಳಿಸಲು ಇವರು ಬಂದ ಕೂಡಲೇ ಒಂದು ರಬ್ಬರು ಕೊಟ್ಟು ಮೂಲೆಯ ಬೆಂಚಿನಲ್ಲಿ ಕೂರಿಸುತ್ತಿದ್ದರಂತೆ. ಆಮೇಲೆ ಮೊಬೈಲು ಬಂತು, ಅದರಲ್ಲಿ ಪುಸ್ತಕ ಓದುವ ಆ್ಯಪು ಬಂತು. ಸಾಲಿನ ಮೇಲೆ ಬೆರಳು ಎಳೆದರೆ ಹಳದಿ ಬಣ್ಣ ಬೀಳುತ್ತದೆ, ಪಕ್ಕದಲ್ಲಿ ಟಿಪ್ಪಣಿ ಬರೆಯಲು ಜಾಗವೂ ಉಂಟು, ಅಳಿಸು ಎನ್ನುವವರು ಯಾರೂ ಇಲ್ಲ. ಚಿಕ್ಕಪ್ಪನಿಗೆ ಸ್ವರ್ಗವೇ ಸಿಕ್ಕಿತು. ಕೆಲವು ವರ್ಷಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಹಳದಿ ಸಾಲುಗಳಾದವು.

ಒಂದು ದಿನ ಆ್ಯಪಿನವರಿಂದ ಸಂದೇಶ ಬಂತು. ಮೂರು ತಿಂಗಳಲ್ಲಿ ಸೇವೆ ಮುಚ್ಚುತ್ತೇವೆ, ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ ಎಂದು. ಚಿಕ್ಕಪ್ಪ ಕೂಡಲೇ ನನಗೆ ಫೋನು ಮಾಡಿದರು. ನಾನು ಪುತ್ತೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುವವಳು. ಮನೆತನಕ್ಕೆಲ್ಲ ಕಂಪ್ಯೂಟರಿನ ವಿಷಯದಲ್ಲಿ ನನ್ನ ಮಾತೇ ಕೊನೆಯದು. ಅಂದು ನನಗೆ ಉತ್ತರ ಪತ್ರಿಕೆಗಳ ರಾಶಿ ಇತ್ತು. "ಒಂದೊಂದಾಗಿ ನೋಡಿ ಬರೆದುಕೊಳ್ಳಿ ಚಿಕ್ಕಪ್ಪ, ಬೇರೆ ದಾರಿ ಇಲ್ಲ" ಎಂದುಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ನನ್ನ ಮಾತನ್ನು ನಂಬಲಿಲ್ಲ. ಕಂಪೆನಿಯವರಿಗೆ ತಾವೇ ಬರೆದು, ಉತ್ತರ ತರಿಸಿಕೊಂಡು, ವಾರದ ಮೇಲೆ ಮತ್ತೆ ಫೋನು ಮಾಡಿದರು.

"ಡೆವಲಪರ್‌ಗಳಿಗೆ ಎಪಿಐ ಉಂಟಂತೆ. ಎಂತ ಅದು?"

"ಒಂದು ಪ್ರೋಗ್ರಾಮು ಇನ್ನೊಂದು ಪ್ರೋಗ್ರಾಮಿನ ಹತ್ತಿರ ಮಾಹಿತಿ ಕೇಳಿ ತೆಗೆದುಕೊಳ್ಳುವ ಕಿಂಡಿ. ಕ್ರಮದಲ್ಲಿ ಕೇಳಿದರೆ ಕೊಡುತ್ತದೆ. ಆದರೆ ಕೇಳುವ ಪ್ರೋಗ್ರಾಮನ್ನು ನಾವೇ ಬರೆಯಬೇಕು. ಅದು ಡೆವಲಪರ್‌ಗಳ ಕೆಲಸ."

"ಬರೆದ ಮೇಲೆ ಡೆವಲಪರ್ ಆಗುದಾ, ಡೆವಲಪರ್ ಆದ ಮೇಲೆ ಬರೆಯುದಾ?"

ಅಷ್ಟು ವರ್ಷ ಪಾಠ ಮಾಡಿದರೂ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಬರೆದ ಮೇಲೆ ಇರಬೇಕು" ಎಂದೆ.

"ಹಾಗಾದ್ರೆ ತೊಂದರೆ ಇಲ್ಲ" ಎಂದು ಫೋನಿಟ್ಟರು.

ಮುಂದಿನದನ್ನು ನಾನು ಚಿಕ್ಕಮ್ಮನಿಂದ ಕೇಳಿ ತಿಳಿದೆ. ಚಿಕ್ಕಪ್ಪ ಎಲ್ಲಿಂದಲೋ ಮೊಬೈಲಿಗೆ ಜೋಡಿಸುವ ಪುಟ್ಟ ಕೀಬೋರ್ಡು ತಂದರಂತೆ. ಎರಡು ಟ್ರಿಪ್ಪಿನ ನಡುವೆ ಜೀಪಿನ ಬಾನೆಟ್ಟಿನ ಮೇಲೆ ಅದನ್ನಿಟ್ಟು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ವೀಡಿಯೋ ನೋಡಿ ಪೈಥಾನ್ ಎಂಬ ಪ್ರೋಗ್ರಾಮಿನ ಭಾಷೆ ಕಲಿಯತೊಡಗಿದರಂತೆ. "ಕಾದಂಬರಿ ಓದುವಾಗ ಊಟಕ್ಕೆ ಕರೆದ್ರೆ ಹೂಂ ಅಂತಾದ್ರೂ ಹೇಳ್ತಿದ್ರು. ಈಗ ಎರರ್ ಬಂತು ಅಂತಾರೆ" ಎಂದು ಚಿಕ್ಕಮ್ಮ ದೂರಿದರು.

ಎರರ್ ಬಂದದ್ದು ನಿಜ. ಎಪಿಐಯ ಕಿಂಡಿಯಲ್ಲಿ ಕೇಳಬೇಕಾದರೆ ಕಂಪೆನಿಯವರು ಕೊಟ್ಟ ಗುಟ್ಟಿನ ಕೀ ತೋರಿಸಬೇಕು. ನಲವತ್ತು ಅಕ್ಷರಗಳ ಸರಮಾಲೆ ಅದು. ಕೀ ತಪ್ಪಿದರೆ 'ನಾನೂರ ಒಂದು' ಎಂಬ ಎರರ್ ಬರುತ್ತದೆ. ಚಿಕ್ಕಪ್ಪನಿಗೆ ನಾಲ್ಕು ದಿನ ಅದೇ ಬಂತು. ಸ್ಟ್ಯಾಂಡಿನವರೆಲ್ಲ "ಇವತ್ತೂ ನಾನೂರ ಒಂದಾ?" ಎಂದು ಕುಶಲ ವಿಚಾರಿಸುವಷ್ಟು ಅದು ಪ್ರಸಿದ್ಧವಾಯಿತು. ಶನಿವಾರ ಊರಿಗೆ ಹೊರಟು ಜೀಪು ಹತ್ತಿದವಳು ನೋಡುತ್ತೇನೆ, ಆ ಗುಟ್ಟಿನ ಕೀಯನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ದೇವರ ಪಟದ ಪಕ್ಕ ಅಂಟಿಸಿ, ಅದನ್ನೇ ನೋಡಿ ಪ್ರೋಗ್ರಾಮಿಗೆ ಒತ್ತುತ್ತಿದ್ದಾರೆ!

"ಚಿಕ್ಕಪ್ಪ, ಇದನ್ನು ಯಾರಿಗೂ ತೋರಿಸಬಾರದು."

"ಯಾರು ಕದಿಯುದು? ನಾನು ಬರೆದದ್ದು ನನಗೇ ಓದ್ಲಿಕ್ಕೆ ಆಗುದಿಲ್ಲ."

ಹಿಂದಿನ ಸೀಟಿನಲ್ಲಿದ್ದ ಅಂಗನವಾಡಿ ಟೀಚರು ಮುಂದೆ ಬಗ್ಗಿ ಚೀಟಿಯನ್ನು ದಿಟ್ಟಿಸಿದರು. "ಇಲ್ಲಿ ಇಂಗ್ಲಿಷ್ ಓ ಬರೆದಿದ್ದೀರಲ್ಲ, ಅದು ಸೊನ್ನೆ ಅಲ್ವಾ? ನಮ್ಮ ಮಕ್ಕಳೂ ಹೀಗೇ ಬರೆಯುದು" ಎಂದರು. ಚಿಕ್ಕಪ್ಪ ಮೊಬೈಲಿನಲ್ಲಿ ಮೂಲ ಕೀ ತೆರೆದು ನೋಡಿದರು. ಸೊನ್ನೆಯೇ. ತಿದ್ದಿದರು, ಪ್ರೋಗ್ರಾಮು ಓಡಿಸಿದರು. ಹಳದಿ ಸಾಲುಗಳು ಮೇಲಿನಿಂದ ಕೆಳಗೆ ಸುರಿಯತೊಡಗಿದವು. ಅಂದು ಜೀಪು ಮುಕ್ಕಾಲು ಗಂಟೆ ತಡ. ಒಬ್ಬರೂ ಗೊಣಗಲಿಲ್ಲ.

ಎಣಿಸಿದರೆ ಸರಿಯಾಗಿ ನೂರೇ ಸಾಲು. "ಉಳಿದದ್ದು ಎಲ್ಲಿ?" ಎಂದು ಚಿಕ್ಕಪ್ಪನ ಮುಖ ಸಣ್ಣದಾಯಿತು. ಒಂದು ಸಲಕ್ಕೆ ನೂರಕ್ಕಿಂತ ಹೆಚ್ಚು ಕೊಡುವುದಿಲ್ಲ, ಮುಂದಿನ ನೂರಕ್ಕೆ ಮತ್ತೆ ಕೇಳಬೇಕು ಎಂದು ನಾನು ಶುರುಮಾಡುವಷ್ಟರಲ್ಲಿ ಅವರು ತಡೆದರು. "ಗೊತ್ತಾಯ್ತು. ಟ್ರಿಪ್ಪು. ಜನ ಮುಗಿಯುವ ವರೆಗೆ ತಿರುಗಿ ಹೋಗುದು."

ಮರುವಾರ ಎಲ್ಲ ಸಾಲುಗಳೂ ಒಂದೇ ಕಡತಕ್ಕೆ ಬಂದವು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಅವರನ್ನು ಕಾಲೇಜಿಗೆ ಕರೆದು ನನ್ನ ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿದೆ. ನೂರುನೂರಾಗಿ ಕೇಳಿ ತರುವ ಕ್ರಮ, ನಾನು ಎರಡು ತರಗತಿ ಹೇಳಿದರೂ ಮಕ್ಕಳ ತಲೆಗೆ ಹೋಗದ್ದು, ಚಿಕ್ಕಪ್ಪ ಟ್ರಿಪ್ಪಿನ ಲೆಕ್ಕದಲ್ಲಿ ಹೇಳಿದಾಗ ಹತ್ತು ನಿಮಿಷಕ್ಕೆ ಹೋಯಿತು. ಒಬ್ಬಳು ಎದ್ದು "ಸರ್, ನಿಮ್ಮ ಕ್ವಾಲಿಫಿಕೇಶನ್ ಎಂತ?" ಎಂದು ಕೇಳಿದಳು. "ಹೆವಿ ಲೈಸೆನ್ಸ್ ಉಂಟು" ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಮಾತು ಮುಗಿಸುತ್ತಾ, "ಇವರು ಎಲ್ಲವನ್ನೂ ಹೊರಗೆ ತಂದಿದ್ದಾರೆ" ಎಂದೆ.

"ಎಲ್ಲ ಬರ್ಲಿಲ್ಲ" ಎಂದರು ಚಿಕ್ಕಪ್ಪ ಅಲ್ಲಿಯೇ. "ಸಾಲು ಬಂತು. ಬದಿಯಲ್ಲಿ ನಾನು ಬರೆದ ಟಿಪ್ಪಣಿ ಬರ್ಲಿಲ್ಲ."

ಊಟದ ಹೊತ್ತಿಗೆ ನಾನು ಸಮಾಧಾನ ಹೇಳಿದೆ. "ದೊಡ್ಡವರು ಬರೆದ ಸಾಲುಗಳೇ ಬಂದಿವೆಯಲ್ಲ ಚಿಕ್ಕಪ್ಪ, ನಿಮ್ಮ ಟಿಪ್ಪಣಿ ಹೋದರೆ ಹೋಗಲಿ."

ಅವರು ಅನ್ನ ಕಲಸುವ ಕೈ ನಿಲ್ಲಿಸಿದರು. "ಆ ಸಾಲು ಪುಸ್ತಕದಲ್ಲಿ ಯಾವಾಗ್ಲೂ ಇರ್ತದೆ ಮಗಾ. ಟಿಪ್ಪಣಿ ಬೇರೆ ಎಲ್ಲಿಯೂ ಇಲ್ಲ."

ಮತ್ತೆ ಬಾನೆಟ್ಟು, ಮತ್ತೆ ಕೀಬೋರ್ಡು. ಟಿಪ್ಪಣಿಗಳಿಗೆ ಬೇರೆಯೇ ಕಿಂಡಿ ಇತ್ತು. ಅದನ್ನು ಅವರೇ ಹುಡುಕಿದರು. ಯಾವ ಟಿಪ್ಪಣಿ ಯಾವ ಸಾಲಿಗೆ ಸೇರಿದ್ದು ಎಂದು ಜೋಡಿಸಲು ಇನ್ನೊಂದು ವಾರ ಹಿಡಿಯಿತು. ಆ್ಯಪು ಮುಚ್ಚಲು ಎರಡೇ ದಿನ ಉಳಿದಾಗ ಪೂರ್ತಿ ಕಡತವನ್ನು ನನಗೆ ಕಳಿಸಿ, "ಒಮ್ಮೆ ಪರೀಕ್ಷೆ ಮಾಡು" ಎಂದರು.

ಸ್ಟಾಫ್ ರೂಮಿನಲ್ಲಿ ಕೂತು ತೆರೆದೆ. ಟಿಪ್ಪಣಿಗಳೆಂದರೆ ವ್ಯಾಖ್ಯಾನ ಇರಬಹುದು ಎಂದುಕೊಂಡಿದ್ದೆ. ಇದ್ದದ್ದು ಜನ. "ರಬ್ಬರು ಟ್ಯಾಪಿಂಗಿನವರಿಗೆ, ಮಗಳ ಮದುವೆ ನಿಂತದ್ದಕ್ಕೆ." "ಟೀಚರಿಗೆ. ವರ್ಗ ಆದ್ರೆ ಹೇಳುದು." "ಇವಳಿಗೆ, ಸಿಟ್ಟು ಇಳಿದ ಮೇಲೆ." ಹಳದಿ ಹಾಕಿದ್ದು ತಮಗಾಗಿ ಅಲ್ಲ. ಇಂಥ ಸಾಲು ಇಂಥವರಿಗೆ ಬೇಕಾದೀತು ಎಂದು ಆ ಮನುಷ್ಯ ತೆಗೆದಿಡುತ್ತಿದ್ದರು.

ಕೆಳಗೆ ಇಳಿಯುತ್ತಾ ಹೋದೆ. ಸಾಲುಗಳ ಪಕ್ಕ ತಾರೀಕು ಇತ್ತು. ನನ್ನ ಅಪ್ಪ ತೀರಿಕೊಂಡ ತಿಂಗಳು ಬಂತು. ಆಗ ನಾನು ಪ್ರತಿ ಸೋಮವಾರ ಬೆಳಿಗ್ಗೆ ಚಿಕ್ಕಪ್ಪನ ಜೀಪಿನ ಮುಂದಿನ ಸೀಟಿನಲ್ಲಿ ಕಡಬದವರೆಗೆ ಬಂದು ಪುತ್ತೂರಿನ ಬಸ್ಸು ಹಿಡಿಯುತ್ತಿದ್ದೆ. ದಾರಿಯುದ್ದಕ್ಕೂ ನಾನು ಮಾತಾಡುತ್ತಿರಲಿಲ್ಲ, ಅವರೂ ಆಡುತ್ತಿರಲಿಲ್ಲ. ಅಣ್ಣ ಹೋದ ದುಃಖದಲ್ಲಿ ಇವರಿಗೆ ನನ್ನ ನೆನಪೇ ಇಲ್ಲವೇನೋ ಎಂದು ಒಳಗೊಳಗೇ ನೊಂದದ್ದೂ ಉಂಟು.

ಅಲ್ಲಿಂದ ಮುಂದಿನ ಆರು ಸೋಮವಾರಗಳ ತಾರೀಕಿನಲ್ಲಿ ಆರು ಸಾಲುಗಳು. ಆರರ ಪಕ್ಕದಲ್ಲೂ ಒಂದೇ ಟಿಪ್ಪಣಿ: "ಮಗಳಿಗೆ. ಇವತ್ತು ಹೇಳ್ಲಿಕ್ಕೆ ಆಗ್ಲಿಲ್ಲ." ಏಳನೆಯ ಸೋಮವಾರದ್ದು ಮಾತ್ರ ಬೇರೆ. "ಮಗಳಿಗೆ. ಇವತ್ತು ಅವಳೇ ಮಾತಾಡಿದಳು. ಇನ್ನು ಬೇಡ."

ಆ ಶನಿವಾರ ಊರಿಗೆ ಹೋಗಿ, ಆ ಏಳು ಸಾಲುಗಳನ್ನು ಈಗ ಓದಿ ಹೇಳಿ ಎಂದು ಅವರನ್ನು ಕೇಳಿದೆ. ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು ಒಂದೊಂದಾಗಿ ಓದಿದರು. ಐದನೆಯದರ ನಡುವೆ ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದರು. ಮೊಬೈಲನ್ನು ನನ್ನ ಕೈಗೆ ತೆಗೆದುಕೊಂಡು ಉಳಿದದ್ದನ್ನು ನಾನು ಅವರಿಗೆ ಓದಿ ಹೇಳಿದೆ.