ಮಾಸ್ತರನ ಚುಕ್ಕೆ ಗೆರೆ

ನಿಜಾಮನ ಸರ್ಕಾರದ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಅತನೂರಿನ ಚಂದ್ರಾಮಪ್ಪ ಮಾಸ್ತರ ಅಂದು ಬೆಳಿಗ್ಗೆ ಸುಣ್ಣದ ತುಂಡು ಹಿಡಿದು ಅಂಗಳದಲ್ಲಿ ಕೂತದ್ದೇ ತಪ್ಪಾಯಿತು. ಹೆಂಡತಿ ಶಿವನ ಪಾದ ಸೇರಿ ವರ್ಷ ತುಂಬಿರಲಿಲ್ಲ. ಯಡ್ರಾಮಿಯಲ್ಲಿ ಅತ್ತೆ ಸಾಕುತ್ತಿದ್ದ ಪುಟ್ಟ ಮಗಳು ನೀಲವ್ವನನ್ನು ಆ ದಿನ ತಂದು ಅವನಿಗೆ ಒಪ್ಪಿಸುವವರಿದ್ದರು. ಕಾಯುವ ಜೀವಕ್ಕೆ ಹೊತ್ತು ಹೋಗಬೇಕಲ್ಲ. ಮಕ್ಕಳಿಗೆ ಹೇಳಬೇಕಾದ ಹೊಸ ಪಾಠವನ್ನು ನೆಲದ ಮೇಲೆ ಬರೆದು ನೋಡಿದ. ಊರಿಗೊಂದು ಚುಕ್ಕೆ, ದಾರಿಗೊಂದು ಗೆರೆ. ದಾರಿಯೇ ಇಲ್ಲದ ಒಂದು ಊರನ್ನು ಒಂಟಿ ಚುಕ್ಕೆಯಾಗಿ ಮೂಲೆಯಲ್ಲಿ ಬಿಟ್ಟು ಪೂಜೆಗೆ ಒಳಹೋದ. ಹೆಂಡತಿ ಹೋದ ಮೇಲೆ ಅವನ ಪೂಜೆ ಬಹಳ ಉದ್ದವಾಗಿತ್ತು.

ಸಾವಾದ ಮನೆಯ ಮುಂದೆ ವರ್ಷ ತುಂಬುವ ತನಕ ರಂಗೋಲಿ ಬೀಳುವುದಿಲ್ಲ. ನೆರೆಮನೆಯ ಗುರುಬಾಯಿ ಅಂಗಳದ ಚುಕ್ಕೆ ಗೆರೆಯನ್ನು ರಂಗೋಲಿಯೆಂದೇ ತಿಳಿದು, ಮಾಸ್ತರ ಎರಡನೆಯ ಲಗ್ನಕ್ಕೆ ಒಪ್ಪಿದನೆಂದುಕೊಂಡಳು. ಗಂಡಸಿನ ಕೈಯ ರಂಗೋಲಿ ಕುಂಟುತ್ತಿದೆಯೆಂದು ಮರುಗಿ, ಒಂಟಿ ಚುಕ್ಕೆಯನ್ನೂ ಕೂಡಿಸಿ, ಅರಿಶಿಣ ಕುಂಕುಮ ತುಂಬಿದಳು. ಸುದ್ದಿ ಗಾಳಿಗೆ ತೂರಿದ ಹೊಟ್ಟಿನಂತೆ ಓಣಿ ತುಂಬ ಹಾರಿತು. ಓಣಿಯ ಹಿರಿಯ ಅಂಬಾರಾಯ ಓಡಿಬಂದು ಬಾಗಿಲಿಗೆ ಮಾವಿನ ತೋರಣ ಕಟ್ಟಿದ.

ವಿಭೂತಿ ಹಚ್ಚಿಕೊಂಡು ಹೊರಬಂದ ಚಂದ್ರಾಮಪ್ಪನ ಮುಖ ಬಿಸಿಲಿಗೆ ಬಿದ್ದ ಹಪ್ಪಳದಂತೆ ಸೊಟ್ಟಗಾಯಿತು.

"ನಾಚಬ್ಯಾಡ್ರಿ ಮಾಸ್ತರ," ಎಂದಳು ಗುರುಬಾಯಿ. "ಕೂಸಿಗೆ ತಾಯಿ ಬೇಕಲ್ರಿ. ಹೆಣ್ಣು ಯಾ ಊರಾಕಿ?"

ಅವನು ತೋರಣ ಕೀಳಲು ಕೈ ಹಾಕುವಷ್ಟರಲ್ಲಿ ಯಡ್ರಾಮಿಯ ಚಕ್ಕಡಿ ಬಂದು ನಿಂತಿತು. ಅತ್ತೆ ರಂಗೋಲಿ ನೋಡಿದರು, ತೋರಣ ನೋಡಿದರು. ಕೆಳಗಿಳಿಯಲಿಲ್ಲ.

"ನನ್ನ ಮಗಳನ್ನ ಇಷ್ಟು ಲಗೂ ಮರತ್ರೇನ್ರಿ?"

ಚಂದ್ರಾಮಪ್ಪ ಮಂಡಿಯೂರಿ ಅಂಗೈಯಿಂದ ಬಣ್ಣ ಒರೆಸಿ ಗೆರೆ ತೋರಿಸಿದ. "ಇದು ಸಾಲಿ ಪಾಠರಿ ಅತ್ತಿ. ಎಣಿಕಿಗೆ ಸಿಗುವಷ್ಟು ಚುಕ್ಕಿ. ಎರಡು ಚುಕ್ಕಿ ನಡುವ ಗೆರಿ ಇದ್ದರ ಇರ್ತದ, ಇಲ್ಲಂದ್ರ ಇಲ್ಲ. ಇದು ಅತನೂರ, ಇದು ಯಡ್ರಾಮಿ. ಗೆರಿಗೆ ದಿಕ್ಕಿಲ್ಲ. ಅಲ್ಲಿಂದ ಇಲ್ಲಿಗೂ ಅದೇ, ಇಲ್ಲಿಂದ ಅಲ್ಲಿಗೂ ಅದೇ."

ಅತ್ತೆ ಚಕ್ಕಡಿಯಿಂದಲೇ ಬಾಗಿ ಆ ಗೆರೆ ನೋಡಿದರು. ಲಗ್ನದ ಮಾತು ಸುಳ್ಳೆಂದು ಅವರಿಗೆ ಪೂರಾ ನಂಬಿಕೆಯಾಯಿತು, ಕಣ್ಣೊರೆಸಿಕೊಂಡರು. ಗುರುಬಾಯಿ ಕೂಸನ್ನು ಇಳಿಸಿಕೊಳ್ಳಲು ಕೈ ಚಾಚಿದಳು.

"ತಪ್ಪು ತಿಳಕೊಂಡಿದ್ದೆ ನೋಡ್ರಿ," ಎಂದರು ಅತ್ತೆ. "ಭಾಳ ಛಲೋ ಪಾಠ. ನಿನ್ನೆ ಹಾದಿ ಹಿಡಿದಾಗಿಂದ ಕೂಸನ್ನ ಹೆಂಗ ಬಿಟ್ಟಿರಲಿ ಅಂತ ಎದಿ ಒಡಿಯಾಕತ್ತಿತ್ತು. ಗೆರಿಗೆ ದಿಕ್ಕಿಲ್ಲಂದ್ರ, ಕೂಸೇ ಇಲ್ಲಿಗೆ ಬರಬೇಕಂತ ಎಲ್ಲೈತ್ರಿ? ಕೂಸನ್ನ ನೋಡಾಕ ನೀವೇ ಅಲ್ಲಿಗೆ ಬರ್ರಿ."

ಲೆಕ್ಕದ ಮಾಸ್ತರ ಆ ಮಾತಿನಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ. ಅಜ್ಜಿಯ ಮಡಿಲಲ್ಲಿ ನಿದ್ದೆಹೋಗಿದ್ದ ನೀಲವ್ವ ಎಚ್ಚರಾಗುವ ಮೊದಲೇ ಚಕ್ಕಡಿ ಅವನನ್ನು ಅಂಗಳದಲ್ಲೇ ಬಿಟ್ಟು ಯಡ್ರಾಮಿಯ ಕಡೆಗೆ ತಿರುಗಿತು.